ಐದನೇ ಕುರ್ಚಿಗೆ ಏರಿದ ನ್ಯಾಯಾಧೀಶರು

ಹಾಲ್ವರ್ ಟೆಸ್ಡಾಲ್ ಅವರನ್ನು ಫೆಡರಲ್ ನ್ಯಾಯಪೀಠದ ಮೇಲೆ ಜೀವಾವಧಿಗೆ ಕೂರಿಸಿದವರು ರಾಷ್ಟ್ರಾಧ್ಯಕ್ಷರು. ಇಳಿಸುವ ಧೈರ್ಯ ಯಮನೊಬ್ಬನಿಗೇ ಇದ್ದದ್ದು. ಅವನೂ ಬರದಿದ್ದಾಗ, ಉತ್ತರ ಡಕೋಟದ ನಮ್ಮ ಹಿಮದೂರನ್ನು ಮೂವತ್ತನಾಲ್ಕು ವರ್ಷ ಆಳಿ, ಎಪ್ಪತ್ತೆಂಟಕ್ಕೆ ತಾವೇ ಇಳಿದರು. ಅಷ್ಟೂ ವರ್ಷ ಅವರು ಬಾಗಿಲಲ್ಲಿ ಕಂಡೊಡನೆ "ಎಲ್ಲರೂ ಏಳಿ!" ಎಂದು ಗುಡುಗುತ್ತಿದ್ದ ಕೋರ್ಟಿನ ಜವಾನ ನಾನು. ಬ್ಯಾಂಕ್ ದರೋಡೆಕೋರರೂ ಎದ್ದರು, ಒಬ್ಬ ಸೆನೆಟರನ ಅಳಿಯನೂ ಎದ್ದ. ಏಳದವರು ಅವರ ಹೆಂಡತಿ ಮಾತ್ರ, ಅದೂ ಮನೆಯಲ್ಲಿ.

ತೀರ್ಪು ಹೇಳಲು ಊರಿನ ಸಾಮಾನ್ಯ ಜನರಿಂದ ಆರಿಸಿದ ಪ್ರತಿ ಜ್ಯೂರಿಗೂ ಅವರು ಹೇಳುತ್ತಿದ್ದುದು ಒಂದೇ: "ನನ್ನ ಕುರ್ಚಿಗಿಂತ ನಿಮ್ಮ ಕುರ್ಚಿ ದೊಡ್ಡದು." ಹೇಳಿ ಹೇಳಿ ತಾವೇ ನಂಬಿಬಿಟ್ಟರು. ಸಾಯುವ ಮುನ್ನ ಒಮ್ಮೆ ಅಲ್ಲಿ ಕೂರಬೇಕೆಂಬುದೊಂದೇ ಆಸೆ ಉಳಿಯಿತು. ನಿವೃತ್ತಿಯ ನಂತರ ಮೂರು ಸಲ ಸ್ಥಳೀಯ ಕೌಂಟಿ ಕೋರ್ಟಿನಿಂದ ಜ್ಯೂರಿಗೆ ಕರೆ ಬಂತು. ಹೆಸರು ಕೇಳಿದ ಕೂಡಲೇ ವಕೀಲರು ಮೂರು ಸಲವೂ ಹೊರಗೆ ಕಳಿಸಿದರು. ಎಂಬತ್ತೊಂದರಲ್ಲಿ ನಾಲ್ಕನೇ ಕರೆ. ಈ ಬಾರಿ ವಕೀಲರು, ಇಂತಿಷ್ಟೇ ಜನರನ್ನು ಬೇಡವೆನ್ನಬಹುದಾದ ತಮ್ಮ ಪಾಲಿನ ಅವಕಾಶವನ್ನು ಬೇರೆಯವರ ಮೇಲೇ ಮುಗಿಸಿಕೊಂಡಿದ್ದರು. ಆರು ಜನರ ಜ್ಯೂರಿಯಲ್ಲಿ ಐದನೇ ಕುರ್ಚಿ ಟೆಸ್ಡಾಲರದಾಯಿತು.

ಮೊಕದ್ದಮೆಯೂ ಘನವಾದದ್ದೇ: ಹೆಪ್ಪುಗಟ್ಟಿದ ಕೆರೆಯ ಮೇಲೆ ತೂತು ಕೊರೆದು ಮೀನು ಹಿಡಿಯಲು ಕಟ್ಟಿದ್ದ ಗುಡಿಸಲನ್ನು ಪಕ್ಕದವನು ಎಳೆದೊಯ್ದನೆಂಬ ಆರೋಪ. ನಾನು ಮುಂದಿನ ಬೆಂಚಿನಲ್ಲೇ ಕೂತಿದ್ದೆ.

"ಎಲ್ಲರೂ ಏಳಿ!" ಎಂದ ಅಲ್ಲಿನ ಜವಾನ. ಟೆಸ್ಡಾಲ್ ಏಳಲಿಲ್ಲ. ಆ ಕೂಗು ಬೇರೆಯವರಿಗೆ ಎಂದೇ ಅವರ ಮೊಣಕಾಲುಗಳ ನಂಬಿಕೆ.

"ಏಳೋ ಮಾರಾಯಾ, ನಿನ್ನೂ ಸೇರ್ಸೇ ಹೇಳ್ತಿರೋದು!" ನಾಲ್ಕನೇ ಕುರ್ಚಿಯ ಲವಾನ್ ಕೋಟು ಹಿಡಿದೆತ್ತಿದಳು. ಹಣ್ಣು ತುಂಬಿ ಬೇಯಿಸುವ ಪೈ ತಿಂಡಿಯ ಅಂಗಡಿಯವಳು, ಅವರ ಒಂದನೇ ತರಗತಿಯ ಸಹಪಾಠಿ.

ಹತ್ತು ನಿಮಿಷವಾಗಿರಲಿಲ್ಲ, ವಕೀಲನೊಬ್ಬ "ಆಕ್ಷೇಪಣೆ!" ಎಂದ.

"ಮಾನ್ಯ," ಎಂದಿತು ಐದನೇ ಕುರ್ಚಿ.

ಪೀಠದ ಮೇಲಿದ್ದವರು, ಒಂದು ಕಾಲದಲ್ಲಿ ಟೆಸ್ಡಾಲರ ಕೈಕೆಳಗೆ ಪಳಗಿದ್ದ ಆನಿಕಾ ರುಸ್ತಾಡ್, ಕೆಂಪಗಾದರು. "ಐದನೇ ಕುರ್ಚಿಯವರೇ, ಇನ್ನೊಂದ್ಸಲ ಬಾಯಿ ಬಿಟ್ರೆ ಸೀದಾ ಮನೆಗೆ."

"ಕ್ಷಮ್ಸಿ, ಘನ ನ್ಯಾಯಾಧೀಶರೇ," ಎಂದರು ನಮ್ಮ ಘನ ನ್ಯಾಯಾಧೀಶರು, ಮಗುವಿನಂತೆ.

ಮುಂದೆ ಎರಡು ದಿನ ನಡೆದದ್ದು ಮಹಾಯುದ್ಧ. ಪ್ರತಿ ಆಕ್ಷೇಪಣೆಗೂ ಅವರ ತುಟಿ ಅದುರುವುದು, ಬಲಗೈ ಇಲ್ಲದ ಸುತ್ತಿಗೆಯತ್ತ ಹಾರುವುದು. ಲವಾನ್ ಆ ಕೈಯನ್ನು ಗಟ್ಟಿಯಾಗಿ ಒತ್ತಿಹಿಡಿಯುವಳು, ಬಾಯಿಗೊಂದು ಪೆಪ್ಪರಮೆಂಟು ತುರುಕುವಳು. ಹದಿನೇಳು ಪೆಪ್ಪರಮೆಂಟಿಗೆ ವಿಚಾರಣೆ ಮುಗಿಯಿತು. ಕುರ್ಚಿ ಉಳಿಯಿತು.

ಜ್ಯೂರಿ ಕೋಣೆಯ ಕಥೆಯನ್ನು ಆಮೇಲೆ ಲವಾನಳೇ ಊರಿಗೆಲ್ಲ ಹಂಚಿದಳು. ಆರೂ ಮಂದಿ ಒಪ್ಪದೆ ತೀರ್ಪಿಲ್ಲ. ಐವರು ಆರೋಪಿ ನಿರ್ದೋಷಿ ಎಂದರು. ಟೆಸ್ಡಾಲ್ ಒಬ್ಬರು ಮಾತ್ರ ಅವನು ಅಪರಾಧಿಯೇ ಎಂದು ಮುಕ್ಕಾಲು ಗಂಟೆ ವಾದಿಸಿದರು.

"ಮುಗೀತಾ?" ಎಂದಳಂತೆ ಲವಾನ್. "ಫೆಬ್ರವರೀಲಿ ಗುಡಿಸ್ಲು ಐಸಿಗೆ ಕಚ್ಕೊಂಡಿರತ್ತೆ. ನಮ್ದನ್ನ ನನ್ ಗಂಡ, ಮೂರು ಜನ ಮೈದುನರು ಸೇರಿ ಎಳೆದ್ರೂ ಅಲ್ಲಾಡ್ಲಿಲ್ಲ. ಇವನೊಬ್ನೇ ಒಂದ್ ಕಾಫಿ ಕುಡಿಯೋ ಹೊತ್ತಲ್ಲಿ ಎಳ್ಕೊಂಡ್ ಹೋದ್ನಾ? ನೀನ್ ಯಾವತ್ತಾದ್ರೂ ಎಳ್ದಿದೀಯೇನೋ?"

ಅವರು ಎಂದೂ ಎಳೆದಿರಲಿಲ್ಲ. ಕೈ ಎತ್ತಿದರು. ಆರೂ ಮಂದಿಯ ತೀರ್ಪು ಒಂದೇ: ನಿರ್ದೋಷಿ.

ಹೊರಗೆ ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದರು. "ಮೇಲಿನ ಕೋರ್ಟು ನನ್ನ ತೀರ್ಪನ್ನ ಹತ್ತೊಂಬತ್ತು ಸಲ ತಳ್ಳಿಹಾಕಿತ್ತು, ಗೊತ್ತಲ್ಲ? ಹತ್ತೊಂಬತ್ತು ಸಲಾನೂ ಊಟ ಬಿಟ್ಟಿದ್ದೆ."

"ಇವತ್ತು?"

ಅವರು ಹಿಂತಿರುಗಿ ಕೂಗಿದರು: "ಲವಾನ್! ಪೈ ಉಳ್ದಿದ್ಯಾ? ಎರಡು ತುಂಡು ಹಾಕು!"