ಜೀರುಂಡೆ ಕುಳಿತ ಸೀರೆ

ಹೋದ ಸೋಮವಾರ ಬನಹಟ್ಟಿಯ ಸೀರೆ ಸಾಹುಕಾರರೊಬ್ಬರ ಅಂಗಡಿಯಲ್ಲಿ ಕುಳಿತು ನಾನು ಸ್ಪ್ಯಾನಿಷ್ ಮಾತನಾಡಿದೆ. ಒಂದೇ ಶಬ್ದ. ಅಷ್ಟೇ ಸಾಕಾಯಿತು.

ಆ ಶಬ್ದ 'ಎಸ್ಕರಬಾಹೊ'. (ಉಚ್ಚಾರ ತಪ್ಪಬಾರದೆಂದು ಸೈಬರ್ ಕೆಫೆಯಲ್ಲಿ ನಾಲ್ಕು ಸಲ ಕೇಳಿಕೊಂಡಿದ್ದೇನೆ. ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗನಿಗೆ ಈ ಭಯ ಹೋಗುವುದಿಲ್ಲ.) ಅರ್ಥ, ಜೀರುಂಡೆ. ಗುಂಡು ಬೆನ್ನಿನ ಹಳೆಯ ಕಾರೊಂದಕ್ಕೂ ಅದೇ ಹೆಸರು. ಸೊಟ್ಟ ಅಕ್ಷರಗಳೂ ಜೀರುಂಡೆಗಳೇ. ಕೊಲಂಬಿಯಾದಲ್ಲಿ ಬೆಟ್ಟ ಹತ್ತುವ ಸೈಕಲ್ ಪಟುಗಳೂ ಜೀರುಂಡೆಗಳೇ. ಇನ್ನೊಂದು ಅರ್ಥ ಓದಿ ಬೆರಗಾದೆ: ಬಟ್ಟೆಯಲ್ಲಿ ಹೊಕ್ಕಿನ ಎಳೆ, ಅಂದರೆ ಅಡ್ಡ ನೂಲು, ನೇರವಾಗಿ ಕೂಡದೆ ಓರೆಯಾಗುವ ದೋಷ.

ನೇಕಾರರ ಮಗ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಎಷ್ಟು ದಿನ ಇರಬಲ್ಲ?

ಅವ್ವ ತಾನು ಕೈಮಗ್ಗದಲ್ಲಿ ನೇಯ್ದ ಎರಡು ಸೀರೆಗಳನ್ನು ಒಪ್ಪಿಸಲು ಬಂದಿದ್ದಳು. ಉಳಿದವರ ಸೀರೆಗಳನ್ನು ಸಾಹುಕಾರರು ಬೆಳಕಿಗೆ ಹಿಡಿದು ನೋಡುತ್ತಾರೆ. ಅವ್ವನದನ್ನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಬಿಚ್ಚಿರಲಿಲ್ಲ. ಮಡಿಕೆ ಸಮೇತ ಕಪಾಟಿಗೆ. ನಮ್ಮ ಓಣಿಯಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ನಾನು ವಿವರಿಸಿದೆ. ಸಾಹುಕಾರರು ನಕ್ಕರು.

"ಏನ್ರೀ ಡಿಗ್ರಿ ಸಾಹೇಬ್ರ, ಹೊಕ್ಕು ಸೊಟ್ಟಾದ್ರ ಜೀರುಂಡಿ ಅಂತಾರೇನ್ರಿ? ತಡೀರಿ, ನಿಮ್ಮವ್ವನ ಸೀರ್ಯಾಗೂ ಒಂದು ಕುಂತೈತೇನ್ ನೋಡೂಣು!"

"ಬಿಡ್ರಿ ಸಾವ್ಕಾರ್ರ, ಅವನ ಮಾತೇನ್ ಕೇಳ್ತೀರಿ," ಎಂದಳು ಅವ್ವ. ಅವಳ ಕೈ ಮಡಿಕೆಯ ಮೇಲೆಯೇ ಇತ್ತು.

ಚೇಷ್ಟೆಗೆಂದು ಬಿಚ್ಚಿದ ಸೀರೆಯ ನಡುವೆ, ಒಂದು ಗೇಣಿನಷ್ಟು, ಎಳೆಗಳು ಓರೆಯಾಗಿದ್ದವು. ನಗು ನಿಂತಿತು.

"ಯಮನಕ್ಕಾ, ಇದೇನ್ರಿ?"

"ಬಲಗೈ ರಟ್ಟಿ ಏಳವಲ್ದ್ರಿ. ಎರಡ್ ತಿಂಗಳಾತು."

ಸಾಹುಕಾರರು ಬೈಯಲಿಲ್ಲ. ಆ ಸೀರೆಯನ್ನು ಬದಿಗಿಟ್ಟು ಎರಡನೆಯದನ್ನೂ ಬಿಚ್ಚಿದರು. ಅದರಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಆದರೂ ಬಿಚ್ಚಿದ್ದರು.

ದಾರಿಯಲ್ಲಿ ಕೇಳಿದೆ: ನೋವಿದೆಯೆಂದು ನನಗೇಕೆ ಹೇಳಲಿಲ್ಲ?

"ಹೇಳಿದ್ರ ಮಗ್ಗ ಬಿಡು ಅಂತಿದ್ದಿ. ಮಗ್ಗ ಬಿಟ್ಟು ನಾ ಏನಂತ ಕುಂದ್ರಲೋ?"

ದಣಿವಾಗುತ್ತದೆ, ಓದುಗರೇ. ತಪ್ಪಿಲ್ಲದೆ ಮಾತನಾಡುವುದನ್ನು ಕಲಿಯುವುದರಲ್ಲೇ ನಮ್ಮಂಥವರ ಅರ್ಧ ಆಯುಷ್ಯ ಸವೆಯುತ್ತದೆ. ಎಲ್ಲಿ ಸುಮ್ಮನಿರಬೇಕೆಂದು ಯಾವ ಕಾಲೇಜು ಕಲಿಸುತ್ತದೆ? ಮನೆಯಲ್ಲೇ ಇರುವ ನೋವನ್ನು ಗುರುತಿಸಲು ಯಾವ ಪರೀಕ್ಷೆ ಪಾಸಾಗಬೇಕು?

ಈ ಸೋಮವಾರ ಮತ್ತೆ ಹೋದೆವು. ಸಾಹುಕಾರರು ಕೈ ಚಾಚುವ ಮೊದಲೇ ಅವ್ವ ತಾನೇ ಮಡಿಕೆ ಬಿಚ್ಚಿ, ಸೀರೆಯನ್ನು ಬೆಳಕಿಗೆ ಎತ್ತಿ ಹಿಡಿದಳು. ಬಲಗೈ ಪೂರ್ತಿ ಏಳದೆ ಆ ಬದಿಯ ಅಂಚು ಜೋತುಬಿದ್ದಿತ್ತು.

ನಾನು ಈ ಸಲ ಬಾಯಿ ಬಿಡಲಿಲ್ಲ. ಒಂದು ವಾರ ತಡವಾಗಿತ್ತು.