ಬಿಡಿಸುವವರಿಲ್ಲದ ಜಗಳ

ಮಾಕಳಿಯ ಹನುಮಂತರಾಯಪ್ಪನ ಬಾಯಿಗೆ ಹೆದರದವರು ಪೀಣ್ಯದ ಆ ಪಂಪಿನ ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ. ಅಲ್ಲಿ ಅವನು ಸ್ಟೋರ್ಸ್ ಸೂಪರ್‌ವೈಸರ್. ಬೈಯಲು ಶುರುಮಾಡಿದರೆ ಎದುರಿಗಿದ್ದವನ ಜನ್ಮ ಜಾಲಾಡಿಬಿಡುತ್ತಿದ್ದ. ಆದರೆ ಅವನ ಜಗಳಕ್ಕೂ ಒಂದು ಕ್ರಮವಿತ್ತು. ಮೂಲೆಯಲ್ಲಿ ಗುಸುಗುಸು ಜಗಳವಾಡಿದವನಲ್ಲ. ಅಂಗಳದ ಮಧ್ಯೆ ನಿಂತು, ನಾಲ್ಕು ಜನ ಸೇರುವ ಹಾಗೆ ಕೂಗಬೇಕು. ಊರಲ್ಲಿ ಅವರಪ್ಪ, ತಾತ ಎಲ್ಲ ಜಗಳವಾಡಿದ್ದೂ ಹಾಗೇ. ನಾಲ್ಕು ಜನ ಯಾಕೆ ಅಂತೀರಾ? ಬಿಡಿಸೋದಕ್ಕೆ! ಯಾರಾದರೊಬ್ಬರು ‘ಓಗ್ಲಿ ಬಿಡ್ರಪ್ಪ’ ಎಂದು ನಡುವೆ ಬಂದರೆ ಇಬ್ಬರ ಮಾನವೂ ಉಳಿಯುತ್ತದೆ, ಆಮೇಲೆ ಒಟ್ಟಿಗೆ ಕೂತು ಟೀ ಕುಡಿಯಬಹುದು.

ಅವನ ಬೈಗುಳದ ದೊಡ್ಡ ಪಾಲು ಹೆಂಡತಿ ಲಕ್ಷ್ಮಮ್ಮನ ತಮ್ಮ ಶ್ಯಾಮಣ್ಣನಿಗೆ. ಅವನನ್ನು ಕೆಲಸಕ್ಕೆ ಸೇರಿಸಿದವನೂ ಹನುಮಂತರಾಯಪ್ಪನೇ. ಶ್ಯಾಮಣ್ಣನೇನು ಸಾಧುಪ್ರಾಣಿಯಲ್ಲ, ಒಂದಕ್ಕೆರಡು ತಿರುಗಿಸಿ ಕೊಡುತ್ತಿದ್ದ. ಕಂಪನಿ ಜಿಗಣಿಯಲ್ಲಿ ಇನ್ನೊಂದು ಯೂನಿಟ್ ತೆರೆದು ಅವನನ್ನು ಅಲ್ಲಿಯ ಸ್ಟೋರ್ಸಿಗೆ ಹಾಕಿದ ಮೇಲೆ ಜಗಳವೆಲ್ಲ ಫೋನಿನಲ್ಲಿ. ಆ ಫೋನೋ, ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಎಂಬತ್ತೆಂಟರಲ್ಲಿ ಕಂಪ್ಯೂಟರ್ ಬಂತು. ಪೀಣ್ಯ, ಜಿಗಣಿ, ಬೊಂಬಾಯಿಯ ಹೆಡ್ಡಾಫೀಸು, ಎಲ್ಲ ಕಡೆಗೂ ಒಂದೊಂದು. ಎಲೆಕ್ಟ್ರಾನಿಕ್ ಮೇಲ್ ಅಂತೆ. ಇಲ್ಲಿ ಟೈಪು ಮಾಡಿದರೆ ಅಲ್ಲಿ ಹಾಳೆ ಹೊರಗೆ ಬರುತ್ತದಂತೆ. ಸುಳ್ಳು ಯಾಕೆ ಹೇಳಬೇಕು, ಮೊದಮೊದಲು ಹನುಮಂತರಾಯಪ್ಪನಿಗೂ ಅದು ಹಿಡಿಸಿತು. ಬೆಳಿಗ್ಗೆ ಕೇಳಿದ ಮಾಲು ಸಂಜೆಯ ಲಾರಿಗೆ ಬರುತ್ತಿತ್ತು. ‘ನನಗೆ ಯಾರೂ ಹೇಳಲಿಲ್ಲ’ ಎಂದು ನುಣುಚಿಕೊಳ್ಳುವವರ ಆಟ ನಿಂತಿತು. ಅವನಿಗೆ ಟೈಪು ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೆ. ಆಪರೇಟರ್ ವಸಂತಮ್ಮನ ಪಕ್ಕ ನಿಂತು ಕನ್ನಡದಲ್ಲಿ ಹೇಳುತ್ತಿದ್ದ, ಆಕೆ ಇಂಗ್ಲಿಷಿನಲ್ಲಿ ಕುಟ್ಟುತ್ತಿದ್ದಳು.

ಒಂದು ದಿನ ಜಿಗಣಿಯಿಂದ ಬಂದ ಬೇರಿಂಗ್ ಪೆಟ್ಟಿಗೆಗಳು ಕಡಿಮೆ ಬಿದ್ದವು. ದಾರಿಯಲ್ಲಿ ಲಾರಿಯವನೇ ಇಳಿಸಿಕೊಂಡನೋ, ಎಣಿಸುವವರು ತಪ್ಪಿದರೋ, ಯಾರಿಗೆ ಗೊತ್ತು. ಕೆಲಸ ನಿಂತಿತು, ಮ್ಯಾನೇಜರ್ ಇವನ ಮೇಲೆ ಹಾರಾಡಿದ. ಹನುಮಂತರಾಯಪ್ಪನ ಪಿತ್ತ ನೆತ್ತಿಗೇರಿತು. ನೆಟ್ಟಗೆ ವಸಂತಮ್ಮನ ಹತ್ತಿರ ಹೋಗಿ, ಶ್ಯಾಮಣ್ಣನಿಗೆ ಬಾಯಿಗೆ ಬಂದದ್ದನ್ನೆಲ್ಲ ಬರೆಸಿದ. ದಂಡಪಿಂಡ, ಅನ್ನ ಹಾಕಿದ ಕಂಪನಿಗೇ ಕನ್ನ ಹಾಕಿದೆಯಾ, ಬೇರಿಂಗನ್ನೆಲ್ಲ ಮಾರಿಕೊಂಡು ತಿಂದೆಯಾ? ಎದುರಿಗೆ ಸಿಕ್ಕಿದ್ದರೂ ಇದನ್ನೇ ಬೈಯುತ್ತಿದ್ದ, ಶ್ಯಾಮಣ್ಣ ಇದಕ್ಕಿಂತ ಬಿಸಿಯಾದದ್ದನ್ನು ತಿರುಗಿ ಕೊಡುತ್ತಿದ್ದ. ವಸಂತಮ್ಮ ಕೈ ನಿಲ್ಲಿಸಿ, ಮಾರಿಕೊಂಡ ಮಾತನ್ನೂ ಹಾಕಲೇ ಎಂದು ಕೇಳಿದಳು.

“ಆಕಮ್ಮ. ಅವನೊಬ್ನಿಗಲ್ಲ, ಎಲ್ಲಾರ್ಗೂ ಕಳ್ಸು. ನಾಕು ಜನ ನೋಡ್ಲಿ.”

ನಾಲ್ಕು ಜನ ನೋಡಿದರು. ನೋಡಿ ಏನು ಕಡಿದು ಕಟ್ಟೆ ಹಾಕಿದರು? ಹಾಳೆ ಹರಿದುಕೊಂಡು ಫೈಲಿಗೆ ಸೇರಿಸಿದರು. ಒಬ್ಬನಾದರೂ ‘ಹೋಗ್ಲಿ ಬಿಡ್ರಿ’ ಅನ್ನಬೇಕಲ್ಲ? ಥೂ, ಒಬ್ಬನೂ ಅನ್ನಲಿಲ್ಲ. ಜಿಗಣಿಯಲ್ಲಿ ಜನ ಕಡಿಮೆ ಮಾಡಲು ನೆಪ ಹುಡುಕುತ್ತಿದ್ದ ಹೆಡ್ಡಾಫೀಸಿನಿಂದ ಬಂದದ್ದು ಶ್ಯಾಮಣ್ಣನ ಸಸ್ಪೆನ್ಷನ್. ಕಾರಣ, ಸ್ಟೋರ್ಸಿನಲ್ಲಿ ಕಳವು. ಆಧಾರ, ಸೂಪರ್‌ವೈಸರ್ ಹನುಮಂತರಾಯಪ್ಪನ ಲಿಖಿತ ದೂರು.

ಹನುಮಂತರಾಯಪ್ಪ ಮ್ಯಾನೇಜರ್ ಕೋಣೆಗೆ ನುಗ್ಗಿ, ಅದು ಬೈಗುಳ, ದೂರಲ್ಲ, ಅವನಿಗೆ ಹೆಂಡತಿ ಮಕ್ಕಳಿದ್ದಾರೆ ಎಂದು ಗೋಗರೆದ. ಹಾಗಾದರೆ ಅದನ್ನೂ ಮೇಲ್ ಮಾಡಿ ಎಂದ ಆತ, ತಲೆಯೆತ್ತದೆ. ಮಾಡಿಸಿದ. ಸಿಟ್ಟಿನಲ್ಲಿ ಅಂದುಬಿಟ್ಟೆ, ಶ್ಯಾಮಣ್ಣ ಕಳ್ಳನಲ್ಲ, ತಪ್ಪು ನನ್ನದು ಎಂದು ಎಲ್ಲರಿಗೂ ಕಳಿಸಿದ. ಊರಿನಲ್ಲಾಗಿದ್ದರೆ ಹಿಂದಿನ ಮಾತು ಅಲ್ಲಿಗೆ ಸತ್ತುಹೋಗುತ್ತಿತ್ತು. ಇಲ್ಲಿ ಎರಡೂ ಫೈಲಿನಲ್ಲಿ ಪಕ್ಕಪಕ್ಕ ಜೀವಂತವಾಗಿದ್ದವು. ಬೊಂಬಾಯಿಯ ಮಹಾಶಯರು ವಿಚಾರಿಸಿ, ಇವರಿಬ್ಬರೂ ಭಾವ ಬಾಮೈದರೆಂದು ಪತ್ತೆಹಚ್ಚಿ, ಎರಡನೆಯದನ್ನು ನೆಂಟನನ್ನು ಉಳಿಸಿಕೊಳ್ಳಲು ಬರೆಸಿದ್ದು ಎಂದು ತೀರ್ಮಾನಿಸಿದರು. ಶ್ಯಾಮಣ್ಣನ ಕೆಲಸ ಹೋಯಿತು. ಅವನ ಮುಖವನ್ನೇ ನೋಡದವರು ಅವನನ್ನು ಕಳ್ಳನೆಂದರು. ಆ ಯಂತ್ರಕ್ಕೆ ಬೆಂಕಿ ಬೀಳ!

ಭಾನುವಾರ ಹನುಮಂತರಾಯಪ್ಪ ಲಕ್ಷ್ಮಮ್ಮನನ್ನು ಕರೆದುಕೊಂಡು ಜಿಗಣಿಗೆ ಹೋದ. ಶ್ಯಾಮಣ್ಣನ ಬಾಡಿಗೆ ಮನೆಯ ಮುಂದೆ, ಬೀದಿಯಲ್ಲೇ ನಿಂತು ಗಂಟಲೆತ್ತಿ ಕರೆದ. ಅಕ್ಕಪಕ್ಕದವರು ಹೊರಗೆ ಬಂದರು. ಅವನಿಗೆ ಬೇಕಿದ್ದದ್ದೂ ಅದೇ.

“ನಾನು ಸುಳ್ಳು ಬರ್ಸ್ಬುಟ್ಟೆ ಕಣೋ ಶಾಮ. ಎಲ್ಲಾರ ಮುಂದೆ ಏಳ್ತಾ ಇವ್ನಿ. ಬೈಯಿ ನನ್ನ, ನಿನ್ ಬಾಯಿಗೆ ಬಂದಂಗೆ ಬೈಯಿ.”

ಶ್ಯಾಮಣ್ಣ ಬಾಗಿಲಿಗೆ ಬಂದ. ಗಡ್ಡ ಬೆಳೆದು, ಮುಖ ಇಳಿದುಹೋಗಿತ್ತು. ಎದುರು ಮನೆಯ ಹಿರಿಯರೊಬ್ಬರು, ಕೈ ಕೈ ಮಿಲಾಯಿಸಿದರೆ ಬಿಡಿಸೋಣವೆಂದು ಆಗಲೇ ಜಗಲಿ ಇಳಿದಿದ್ದರು. ಶ್ಯಾಮಣ್ಣ ಬೈಯಲಿಲ್ಲ. ಮೊದಲು ಅಕ್ಕನನ್ನು ಒಳಗೆ ಬಾ ಎಂದ. ಲಕ್ಷ್ಮಮ್ಮ ಗಂಡನ ಮುಖವನ್ನೂ ನೋಡದೆ ಹೊಸ್ತಿಲು ದಾಟಿದಳು.

“ಜಗಳ ಆಡೋಕೆ ನೀನು ನಂಗೆ ಏನಾಗ್ಬೇಕು? ಓಗು” ಎಂದು ಶ್ಯಾಮಣ್ಣ ಬಾಗಿಲು ಹಾಕಿಕೊಂಡ.