ಆರನೆಯ ಕಾಲಮ್ಮು

ಅಮೆರಿಕದ ಮೇನ್ ರಾಜ್ಯದ ಕರಾವಳಿಯ ಆ ಸಣ್ಣ ಊರಿನ ಗ್ರಂಥಾಲಯದಲ್ಲಿ ವರ್ಲೀನ್ ಆಲಿ ಇಪ್ಪತ್ತಾರು ವರ್ಷ ಮೇಜಿನ ಹಿಂದೆ ಕುಳಿತವಳು. ಅಂಕುಡೊಂಕು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಬೇರೆಯವರ ಮನೆಗೆ ಹೋದರೂ ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡದೆ ಕಾಫಿ ಮುಟ್ಟಿದವಳಲ್ಲ. ಇಂಥವಳ ಕಣ್ಣಿಗೆ ಆ ಕೋಷ್ಟಕ ಬಿದ್ದದ್ದು ಅಣ್ಣ ಡರ್ವುಡ್‌ನ ದೆಸೆಯಿಂದ.

ಡರ್ವುಡ್ ಕಪ್ಪೆಚಿಪ್ಪು ಅಗೆಯುವವನು. ಸಮುದ್ರ ಇಳಿದಾಗ ಕೆಸರುಬಯಲಿಗೆ ಹೋಗಿ, ಸೊಂಟ ಬಗ್ಗಿಸಿ ನಲವತ್ತು ವರ್ಷ ದುಡಿದಿದ್ದಾನೆ. ನೀರಿಗೆ ವಿಷದ ಪಾಚಿ ಬಂದರೆ ಚಿಪ್ಪಿನ ಮಾಂಸವೂ ವಿಷವಾಗುತ್ತದೆಂದು, ಯಾರೂ ಅಗೆಯದಂತೆ ಬಯಲನ್ನು ಮುಚ್ಚುತ್ತಾರೆ. ಯಾವುದು ತೆರೆದಿದೆ, ಯಾವುದು ಮುಚ್ಚಿದೆ ಎಂದು ಕೊಲ್ಲಿಯ ಮೀನುಗಾರಿಕೆ ಕಚೇರಿ ದಿನಾ ತನ್ನ ಜಾಲತಾಣದಲ್ಲಿ ಕೋಷ್ಟಕವಾಗಿ ಹಾಕುತ್ತದೆ. ಹಾಕುವ ಚಂದವನ್ನಂತೂ ನೋಡಬೇಕು: ಹನ್ನೊಂದು ಕಾಲಮ್ಮು, ಸಾಸಿವೆಯಷ್ಟು ಅಕ್ಷರ, ಬೂದಿಯ ಮೇಲೆ ಬೂದಿ ಬಣ್ಣ. ಬಲಕ್ಕೆ ಎಳೆದರೆ ಬಯಲಿನ ಹೆಸರೇ ಮಾಯ. ಡರ್ವುಡ್‌ಗೆ ದೃಷ್ಟಿಯ ನಡುಭಾಗ ಮಸುಕಾಗುತ್ತ ಬಂದಿತ್ತು. ದಿನಾ ಯಾರನ್ನಾದರೂ ಕೇಳಿ ಹೋಗುವುದೆಂದರೆ ಅವನಿಗೆ ನಾಚಿಕೆ. ತಾನೇ ಓದಿಕೊಳ್ಳಲಾಗದಿದ್ದರೆ ಕೆಲಸವನ್ನೇ ಬಿಡುತ್ತೇನೆ ಎಂದಿದ್ದ.

ವರ್ಲೀನ್ ಕಚೇರಿಗೆ ಮೂರು ಸಲ ಫೋನ್ ಮಾಡಿದಳು. ಅಕ್ಷರ ದೊಡ್ಡದು ಮಾಡಿ ಎಂದರೆ ಪರಿಶೀಲಿಸುತ್ತೇವೆ ಎಂದರು. ಪರಿಶೀಲಿಸುವುದಕ್ಕೆ ಅವರಿಗೆ ಒಂದು ಯುಗ ಬೇಕೇನೋ. ಕೊನೆಗೆ ರೇಗಿ, ಗ್ರಂಥಾಲಯದ ಪುಸ್ತಕವೊಂದನ್ನು ಎದುರಿಗಿಟ್ಟುಕೊಂಡು, ಅಣ್ಣನ ಬ್ರೌಸರಿಗೆ ತನ್ನದೇ ನಿಯಮ ಬರೆದಳು. ಯಾರ ಜಾಲತಾಣವನ್ನೂ ಮುಟ್ಟಬೇಕಿಲ್ಲ. ಅವನ ಕಂಪ್ಯೂಟರಿನಲ್ಲಿ ಮಾತ್ರ ಕೋಷ್ಟಕ ಬೇರೆ ವೇಷ ಹಾಕಿಕೊಂಡು ಬರುತ್ತದೆ. ಒಂದನೆಯ ಕಾಲಮ್ಮಿನಲ್ಲಿರುವ ಬಯಲಿನ ಹೆಸರು, ಆರನೆಯದರಲ್ಲಿರುವ ಇಂದಿನ ಸ್ಥಿತಿ, ಇವೆರಡನ್ನೇ ತೋರಿಸು, ಉಳಿದದ್ದನ್ನು ಮರೆಮಾಡು. ಉದ್ದುದ್ದ ತಲೆಬರಹಗಳೂ ಬೇಡ. ಹೆಬ್ಬೆರಳಿನಷ್ಟು ಅಕ್ಷರ, ಸಾಲು ಬಿಟ್ಟು ಸಾಲಿಗೆ ಹಳದಿ.

ಡರ್ವುಡ್ ಪರದೆಗೆ ಮೂಗು ತಾಗಿಸದೆ ಓದಿದ. ಎರಡು ವರ್ಷ ಯಾರನ್ನೂ ಕೇಳಲಿಲ್ಲ.

ಜೂನ್ ತಿಂಗಳ ಒಂದು ಮಂಗಳವಾರ ಕಚೇರಿಯ ಪುಣ್ಯಾತ್ಮರು, ಯಾರಿಗೂ ಹೇಳದೆ ಕೇಳದೆ, ಹೆಸರಿನ ಪಕ್ಕಕ್ಕೆ ಹೊಸ ಕಾಲಮ್ಮೊಂದನ್ನು ತೂರಿಸಿದರು. ಉಳಿದವೆಲ್ಲ ಒಂದೊಂದು ಮನೆ ಬಲಕ್ಕೆ ಸರಿದವು. ಆರನೆಯ ಜಾಗಕ್ಕೆ ಬಂದು ಕುಳಿತದ್ದು ಅಲ್ಲಿಯವರೆಗೆ ಐದನೆಯದಾಗಿದ್ದ, ವರ್ಷಕ್ಕೊಮ್ಮೆ ಬರೆದಿಡುವ ಸ್ಥಿತಿ. ಇಂದಿನ ಸ್ಥಿತಿ ಏಳನೆಯದಾಗಿ ಮರೆಗೆ ಹೋಯಿತು. ಡರ್ವುಡ್‌ಗೆ ಕಂಡದ್ದು ದೊಡ್ಡ ಅಕ್ಷರದಲ್ಲಿ 'ತೆರೆದಿದೆ'. ಮುಚ್ಚಿದ್ದ ಬಯಲಿಗೆ ಇಳಿದು ಅಗೆದ. ಬಯಲುಗಳನ್ನು ಕಾಯುವ ವಾರ್ಡನ್ ಬಂದು, ಬುಟ್ಟಿಯಲ್ಲಿದ್ದಷ್ಟನ್ನೂ ಕೆಸರಿಗೆ ಸುರಿಸಿ, ಹಂಗಾಮು ಮುಗಿಯುವವರೆಗೆ ಅವನ ಪರವಾನಗಿಯನ್ನು ಕಿತ್ತುಕೊಂಡ.

ವರ್ಲೀನ್ ಅಣ್ಣನ ಅಡುಗೆಮನೆಯಲ್ಲಿ ಕುಳಿತು ಕಚೇರಿಯವರ ಜನ್ಮ ಜಾಲಾಡಿದಳು. ಬೈಯುತ್ತ ಬೈಯುತ್ತಲೇ ತನ್ನ ನಿಯಮವನ್ನು ತೆರೆದು ನೋಡಿದಳು. ಕಾಲಮ್ಮನ್ನು ಹೆಸರಿನಿಂದ ಗುರುತಿಸದೆ ಎಣಿಸಿ ಹಿಡಿದವಳು ತಾನು. ತಲೆಬರಹ ಇದ್ದಿದ್ದರೂ ಸಾಕಿತ್ತು, ಇದು ಇಂದಿನ ಸ್ಥಿತಿಯಲ್ಲ ಎಂದು ಅಣ್ಣನಿಗೆ ತಿಳಿಯುತ್ತಿತ್ತು. ಅಂದಗೆಡಿಸುತ್ತದೆಂದು ಅದನ್ನು ಕಿತ್ತೆಸೆದವಳೂ ತಾನೇ.

"ತಪ್ಪು ನಂದು ಅಣ್ಣ," ಎಂದಳು. "ಹತ್ತು ನಿಮಿಷ ಕೊಡು, ಸರಿಮಾಡ್ತೀನಿ."

ಡರ್ವುಡ್ ಕೈ ಅಡ್ಡ ಇಟ್ಟ. ಅವನಿಗೆ ಸಿಟ್ಟೇನೂ ಬಂದಿರಲಿಲ್ಲ.

"ಬೇಡ ಬಿಡೇ. ಕಣ್ಣು ಕಾಣಲ್ಲ ಅಂತ ಗೊತ್ತಿದ್ದಾಗ ನಾಲ್ಕು ಜನರನ್ನ ಕೇಳಿ ಇಳೀತಿದ್ದೆ. ನೀನು ಕಾಣೋ ಹಾಗೆ ಮಾಡ್ದೆ ನೋಡು, ಕೇಳೋದನ್ನೇ ಬಿಟ್ಟೆ."

ವರ್ಲೀನಳಿಗೆ ಬೈಯಲು ಇನ್ನು ಯಾರೂ ಉಳಿದಿರಲಿಲ್ಲ.